ಅಪ್ಪನ ನಾಲ್ಕು ಊರು, ನಾಲ್ಕು ಕಚೇರಿ

ಅಪ್ಪ ಮಹಡಿಯಿಂದ ಇಳಿದು ಬರಲು ಹತ್ತು ನಿಮಿಷ ಹಿಡಿಯಿತು. ಒಂದೊಂದೇ ಮೆಟ್ಟಿಲು, ಪ್ರತಿ ಮೆಟ್ಟಿಲ ಮೇಲೂ ಎರಡೂ ಕಾಲು ಊರಿ ಒಂದು ಕ್ಷಣ ನಿಲ್ಲುವುದು. ಕೆಳಗೆ ಕಾರು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ ನಮ್ಮವರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಹಳೇ ರೆಕ್ಸಿನ್ ಚೀಲ. ನಿವೃತ್ತಿಯಾಗಿ ಇಪ್ಪತ್ತೈದು ವರ್ಷವಾದರೂ ಅಪ್ಪನ ಕಚೇರಿ ವೇಷ ಬದಲಾಗಿಲ್ಲ.

ಎಂಬತ್ತಮೂರು ತುಂಬಿತಲ್ಲ, ಎಲ್ಲಿಗಾದರೂ ಕರ್ಕೊಂಡು ಹೋಗ್ತೀವಿ, ಹೇಳಿ ಅಂದಿದ್ದೆವು. ಧರ್ಮಸ್ಥಳವೋ ಹಂಪಿಯೋ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. "ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾನು ಕೆಲಸ ಮಾಡಿದ ಕಚೇರಿಗಳಲ್ಲಿ ಈಗ ಯಾರ್ಯಾರು ಎಲ್ಲೆಲ್ಲಿ ಕೂತಿದಾರೆ ಅಂತ ಒಂದ್ಸಲ ನೋಡ್ಬೇಕವ್ವ."

ಕಚೇರಿ ನೋಡೋಕೆ ಯಾರಾದರೂ ಪ್ರವಾಸ ಹೋಗುತ್ತಾರಾ? ನಮ್ಮವರು ನಕ್ಕರು. ನಾನೂ ನಕ್ಕೆ. ಆದರೆ ಎರಡು ದಿನ ರಜೆ ಹಾಕಿ ಹೊರಟೇಬಿಟ್ಟೆವು.

ಅಪ್ಪ ಕಂದಾಯ ಇಲಾಖೆಯಲ್ಲಿದ್ದವರು. 1965ರಲ್ಲಿ ಎರಡನೇ ದರ್ಜೆ ಗುಮಾಸ್ತರಾಗಿ ಚನ್ನಗಿರಿಯಲ್ಲಿ ಸೇರಿದರು. ಆಮೇಲೆ ಹೊನ್ನಾಳಿ, ಅದಾದ ಮೇಲೆ ನ್ಯಾಮತಿ ಹೋಬಳಿಗೆ ರೆವಿನ್ಯೂ ಇನ್ಸ್‌ಪೆಕ್ಟರ್. ಆಗ ಇವೆಲ್ಲ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ನಡುವೆ ನಾಲ್ಕು ವರ್ಷ ಬಡ್ತಿ ಮೇಲೆ ದೂರದ ಬೇರೊಂದು ಜಿಲ್ಲೆಗೆ ಹೋಗಿದ್ದರು. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದವು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಬಳ್ಳಾರಿಯಿಂದ ಹರಪನಹಳ್ಳಿ ಬಂತು, ಅದು ಆಮೇಲೆ ವಾಪಸ್ ಹೋಯಿತು ಅನ್ನಿ. ಹೊಸ ಜಿಲ್ಲೆಯ ಲೆಕ್ಕಾಚಾರದಲ್ಲಿ ಅಪ್ಪನಿಗೆ ಸರ್ವೀಸಿನ ಕೊನೆಯ ಮೂರು ವರ್ಷ ಜಗಳೂರು ಸಿಕ್ಕಿತು. ಒಂದೇ ಜಿಲ್ಲೆಯೊಳಗೆ ಅಡಿಕೆ ತೋಟ, ಭತ್ತದ ಗದ್ದೆ, ಬರದ ನೆಲ ಮೂರನ್ನೂ ಕಂಡವರು ಅವರು.

ಚನ್ನಗಿರಿ: ಎಲ್ಲರೂ ನೆಲದ ಮೇಲಿದ್ದ ಕಾಲ

ದಾವಣಗೆರೆಯಿಂದ ಸಂತೇಬೆನ್ನೂರಿನ ಮೇಲೆ ಹೋದೆವು. ಪುಷ್ಕರಣಿ ಹತ್ತಿರ ಕಾರು ನಿಲ್ಲಿಸಿ ಅಂದರು ಅಪ್ಪ. ನೀರಿನ ನಡುವೆ ನಿಂತ ವಸಂತ ಮಂಟಪದ ಫೋಟೋ ತೆಗೆಯೋದರಲ್ಲಿ ನಾವಿಬ್ಬರೂ ಮುಳುಗಿದ್ದರೆ, ಅಪ್ಪ ಎದುರಿನ ಮುಸಾಫಿರ್‌ಖಾನೆಯ ಕಡೆ ತಿರುಗಿ ನಿಂತಿದ್ದರು. "ನೋಡು, ನಾಯಕರು ನೀರಿಗೆ ಜಾಗ ಮಾಡಿದ್ರು, ಆಮೇಲೆ ಬಂದೋರು ದಾರಿಹೋಕರಿಗೆ ಜಾಗ ಮಾಡಿದ್ರು. ನಡ್ಕೊಂಡು ಬಂದೋನು ಮೊದ್ಲು ಎಲ್ಲಿ ಕೂರ್ತಾನೆ ಅಂತ ಯೋಚ್ನೆ ಮಾಡಿದಾರೆ" ಅಂದರು. ಆಗ ನನಗೆ ಆ ಮಾತಿನ ತೂಕ ಗೊತ್ತಾಗಲಿಲ್ಲ.

ಚನ್ನಗಿರಿ ಅಂದರೆ ಅಡಿಕೆ. ಊರು ಹತ್ತಿರವಾಗುತ್ತಿದ್ದಂತೆ ತೋಟಗಳು ರಸ್ತೆಗೆ ಬಂದು ತಾಗುತ್ತವೆ. ಕೊಯ್ಲಿನ ಕಾಲದಲ್ಲಾದರೆ ಬೇಯಿಸಿದ ಅಡಿಕೆಯ ಒಗರು ವಾಸನೆ ಕಾರಿನ ಗಾಜು ಏರಿಸಿದರೂ ಒಳಗೆ ಬರುತ್ತದೆ. ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಹೆಸರು ಇಲ್ಲಿ ಮಕ್ಕಳ ಬಾಯಲ್ಲೂ ಇದೆ. ಮೇಲೆ ಕೋಟೆ, ಬೆಟ್ಟದ ರಂಗನಾಥ ಸ್ವಾಮಿ ಗುಡಿ. ಕೆಳದಿಯ ರಾಣಿ ಚನ್ನಮ್ಮಾಜಿಯಿಂದ ಊರಿಗೆ ಈ ಹೆಸರು ಬಂತು ಅನ್ನುತ್ತಾರೆ. ಹೊಸ ಜಿಲ್ಲೆ ಮಾಡಿದಾಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಇದೇ ತಾಲ್ಲೂಕಿನ ಕಾರಿಗನೂರಿನವರು.

ತಾಲ್ಲೂಕು ಕಚೇರಿ ಆವರಣದಲ್ಲಿ ಒಂದು ಮರದ ನೆರಳು ಹುಡುಕಿ ಕೂತೆವು. ಸುತ್ತ ಯಾವ ತಾಲ್ಲೂಕು ಕಚೇರಿಯಲ್ಲೂ ಕಾಣುವ ದೃಶ್ಯವೇ. ಬಾಂಡ್ ಬರೆಯುವವರು, ಜೆರಾಕ್ಸ್ ಅಂಗಡಿ, ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಸುತ್ತಿಟ್ಟುಕೊಂಡ ರೈತರು, ಆಧಾರ್ ಕಾರ್ಡನ್ನು ಕುಪ್ಪಸದೊಳಗಿಂದ ತೆಗೆಯುವ ಅಜ್ಜಿಯರು.

"ನಾನು ಸೇರಿದಾಗ ಕೊಠಡಿ ಹಂಚಿಕೆ ಅನ್ನೋ ಮಾತೇ ಇರಲಿಲ್ಲ" ಅಂತ ಅಪ್ಪ ಶುರು ಮಾಡಿದರು. ಮೈಸೂರು ಸಂಸ್ಥಾನದ ಕಾಲದ ತಾಲ್ಲೂಕು ಕಚೇರಿ ಅಂದರೆ ಹೆಚ್ಚಾಗಿ ಹೆಂಚು ಹೊದಿಸಿದ ಒಂದೇ ಅಂತಸ್ತಿನ ಕಟ್ಟಡ. ನಡುವೆ ಅಮಲ್ದಾರರು ಕೂರುವ ಹಾಲ್. ಒಂದು ಪಕ್ಕ ಖಜಾನೆ, ಅದಕ್ಕೆ ಬಂದೂಕು ಹಿಡಿದ ಪೊಲೀಸ್ ಕಾವಲು. ಇನ್ನೊಂದು ಪಕ್ಕ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರಗಳ ಕೋಣೆ. ಮುಂದೆ ಉದ್ದಕ್ಕೂ ಜಗಲಿ. ಜಗಲಿ ಮೇಲೆ ಶಾನುಭೋಗರೂ ಇರುತ್ತಿದ್ದರು, ರೈತರೂ ಇರುತ್ತಿದ್ದರು. ಜಾತಿ, ದರ್ಪ, ಲಂಚ ಆಗಲೂ ಇತ್ತು. ಅಮಲ್ದಾರರ ಮುಂದೆ ಬಡವ ಕೈಕಟ್ಟಿಯೇ ನಿಲ್ಲಬೇಕಿತ್ತು. ಆದರೆ ಅಲ್ಲಿವರೆಗೆ ಬರೋಕೆ ಅವನು ಮೆಟ್ಟಿಲು ಹತ್ತಬೇಕಿರಲಿಲ್ಲ.

ಆಮೇಲೆ ಸರ್ಕಾರ ಬೆಳೆಯಿತು. ಆಹಾರ, ಸಮಾಜ ಕಲ್ಯಾಣ, ಸರ್ವೆ, ಚುನಾವಣೆ, ಭೂಸುಧಾರಣೆ, ಪಿಂಚಣಿ. ಒಂದೊಂದು ಯೋಜನೆಗೂ ಒಂದು ಮೇಜು ಬೇಕು, ಒಂದು ಬೀರು ಬೇಕು, ಒಂದು ಬೋರ್ಡು ಬೇಕು. ಇದು ನಮ್ಮ ತಾಲ್ಲೂಕಿನ ಕಥೆ ಮಾತ್ರವಲ್ಲ. ಬೆಂಗಳೂರಿನಲ್ಲಿ ಬ್ರಿಟಿಷರು ಬಹಳ ವರ್ಷ ಟಿಪ್ಪುವಿನ ಅರಮನೆಯಲ್ಲೇ ಕಚೇರಿ ನಡೆಸಿದರು. ಜಾಗ ಸಾಲದೆ 1868ರಲ್ಲಿ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋದರು. ಹದಿನೆಂಟು ಇಲಾಖೆ ಹಿಡಿಸಿದ್ದಕ್ಕೇ ಅದಕ್ಕೆ ಅಠಾರಾ ಕಚೇರಿ ಅಂತ ಹೆಸರು. ಅದೂ ಸಾಲದಾಗಿ ಕೆಂಗಲ್ ಹನುಮಂತಯ್ಯನವರ ವಿಧಾನಸೌಧ 1956ರಲ್ಲಿ ಮುಗಿಯಿತು. ಅದೂ ಸಾಲದೆ 2005ರಲ್ಲಿ ವಿಕಾಸಸೌಧ ಬಂತು. ಅಠಾರಾ ಕಚೇರಿಯಲ್ಲಿ ಈಗ ಹೈಕೋರ್ಟ್ ಇದೆ.

ದೊಡ್ಡದಕ್ಕೆ ವಿಧಾನಸೌಧ ಅಂದಮೇಲೆ ಚಿಕ್ಕದಕ್ಕೆ ಮಿನಿ ವಿಧಾನಸೌಧ. ತಾಲ್ಲೂಕಿನ ಇಲಾಖೆಗಳೆಲ್ಲ ಒಂದೇ ಸೂರಿನಡಿ ಇದ್ದರೆ ಜನ ಊರೆಲ್ಲ ಅಲೆಯೋದು ತಪ್ಪುತ್ತೆ ಅನ್ನೋ ಒಳ್ಳೇ ಯೋಚನೆ ಅದು. ಈಚೆಗೆ ಅದಕ್ಕೆ ತಾಲ್ಲೂಕು ಆಡಳಿತ ಸೌಧ ಅಂತ ಹೆಸರಾಯಿತು, ಹೊಸದಾಗಿ ಕಟ್ಟುವುದಕ್ಕೆ ಪ್ರಜಾಸೌಧ ಅನ್ನುತ್ತಾರೆ. "ಹೆಸರು ಏನಾದ್ರೂ ಇಡ್ಲಿ. ಸೂರು ಒಂದಾಯ್ತು, ಆದ್ರೆ ನೆಲ ಒಂದಾಗ್ಲಿಲ್ಲ. ಯಾರು ಕೆಳಗೆ, ಯಾರು ಮೇಲೆ ಅನ್ನೋದು ಅಲ್ಲಿಂದ ಶುರುವಾಯ್ತು" ಅಂದರು ಅಪ್ಪ.

ಹೊನ್ನಾಳಿ: ಹೊಳೆ ದಂಡೆಯಲ್ಲಿ ಕೇಳಿದ್ದು

ಚನ್ನಗಿರಿಯಿಂದ ಹೊನ್ನಾಳಿ ಕಡೆ ಹೊರಟರೆ ಅಡಿಕೆ ಹಿಂದೆ ಸರಿದು ಭತ್ತ ಮುಂದೆ ಬರುತ್ತದೆ. ಭದ್ರಾ ನಾಲೆಯ ನೀರು. ಈ ಕಡೆಯವರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ, ನಾಲೆಗೆ ನೀರು ಬಿಟ್ಟಾಗಲೆಲ್ಲ ಪೇಪರಿನಲ್ಲಿ ಒಂದೇ ಮಾತು: ಕೊನೆ ಭಾಗದ ರೈತರಿಗೆ ನೀರು ತಲುಪಿಲ್ಲ. ಮೊದಲು ಸಿಗುವವರು ಗದ್ದೆ ತುಂಬಿಸಿಕೊಳ್ಳುತ್ತಾರೆ, ಕೊನೆಯವರು ನಾಲೆಯಲ್ಲಿ ಇಳಿದು ನಿಂತು ಕಾಯುತ್ತಾರೆ.

"ಕಟ್ಟಡದಲ್ಲೂ ಹಂಗೇ" ಅಂದರು ಅಪ್ಪ, ಕಿಟಕಿಯಾಚೆ ನೋಡುತ್ತಾ. "ಒಳ್ಳೇ ಜಾಗ ಮೊದ್ಲು ಸಾಹೇಬ್ರ ಚೇಂಬರಿಗೆ ಹೋಗುತ್ತೆ. ಆಮೇಲೆ ಮೀಟಿಂಗ್ ಹಾಲ್. ಆಮೇಲೆ ಯಾರ ಮಾತಿಗೆ ತೂಕ ಇದೆಯೋ ಆ ಶಾಖೆಗಳು. ಪಿಂಚಣಿ ಶಾಖೆ ಯಾವಾಗ್ಲೂ ಕೊನೆ ಭಾಗದ ರೈತ."

ಸೇತುವೆ ದಾಟಿದರೆ ಹೊನ್ನಾಳಿ. ತುಂಗಭದ್ರೆ ತುಂಬಿರಲಿಲ್ಲ, ಒಣಗಿಯೂ ಇರಲಿಲ್ಲ. ಹಿರೇಕಲ್ಮಠಕ್ಕೆ ಹೋಗಿ ಕೈಮುಗಿದು ಬಂದು ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹೊನ್ನಾಳಿಗೆ ಈಗ ಉಪವಿಭಾಗಾಧಿಕಾರಿಗಳ ಕಚೇರಿಯೂ ಬಂದಿದೆ, ಅಪ್ಪನ ಕಾಲದಲ್ಲಿ ಇರಲಿಲ್ಲ. ಎ.ಸಿ. ಕೋರ್ಟಿನ ಕೆಲಸಕ್ಕೆ ದೂರ ಹೋಗಬೇಕಿತ್ತಂತೆ. "ಒಂದು ಕಚೇರಿ ಹತ್ರ ಬಂದ್ರೆ ಒಬ್ಬ ರೈತನಿಗೆ ಒಂದು ದಿನದ ಕೂಲಿ ಉಳಿಯುತ್ತೆ" ಅಂದರು. ಆಮೇಲೆ ರೊಟ್ಟಿ ಮುರಿಯುತ್ತಾ, ನಾನು ಯಾವತ್ತೂ ಕೇಳಿರದ ಒಂದು ಸಂಗತಿ ಹೇಳಿದರು.

ಬಡ್ತಿ ಮೇಲೆ ಹೋದ ಆ ದೂರದ ಜಿಲ್ಲೆಯಲ್ಲಿ, ಊರಿನ ಹೆಸರು ಬೇಡ, ಎರಡಂತಸ್ತಿನ ಹೊಸ ಕಟ್ಟಡ ಸಿದ್ಧವಾಯಿತು. ಯಾವ ಶಾಖೆ ಎಲ್ಲಿ ಅನ್ನೋ ಪಟ್ಟಿ ತಯಾರಿಸುವ ಕೆಲಸ ಶಿರಸ್ತೇದಾರರಾಗಿದ್ದ ಅಪ್ಪನ ಪಾಲಿಗೆ ಬಂತು. ಸಾಹೇಬರು ಸಹಿ ಮಾಡುವುದು ಮಾತ್ರ. ಅಪ್ಪ ಕೂತು ಅಚ್ಚುಕಟ್ಟಾಗಿ ನಕ್ಷೆ ಹಾಕಿದರು. ನೆಲಮಹಡಿಯಲ್ಲಿ ಚೇಂಬರು, ಸಭಾಂಗಣ, ಖಜಾನೆ, ದಫ್ತರ. ಮೇಲೆ ಉಳಿದವು. ವೃದ್ಧಾಪ್ಯ ವೇತನ, ವಿಧವಾ ವೇತನದ ಶಾಖೆ ಮಹಡಿಯ ಕೊನೆ ಕೋಣೆ. ಫೈಲುಗಳಿಗೆ ಗಾಳಿ ಬೆಳಕು ಚೆನ್ನಾಗಿರುತ್ತೆ ಅನ್ನೋದು ಅವರ ಲೆಕ್ಕ. ಕಟ್ಟಡ ನೋಡಲು ಬಂದ ಮೇಲಧಿಕಾರಿಗಳು ಬೆನ್ನು ತಟ್ಟಿ ಹೋದರು.

"ಒಂದಿನ ವಿಧವಾ ವೇತನದ ಅರ್ಜಿ ವಿಚಾರಣೆ. ಒಂದು ಹೆಣ್ಮಗಳ ಹೆಸರು ಜವಾನ ಮೂರು ಸಲ ಕೂಗ್ದ. ಬರ್ಲಿಲ್ಲ. ಗೈರುಹಾಜರು ಅಂತ ನಾನೇ ಬರೆದೆ. ಎರಡನೇ ತಾರೀಖು ಕೊಟ್ವಿ, ಆವತ್ತೂ ಹಂಗೇ. ಮೂರನೇದೂ ಹಂಗೇ. ಅರ್ಜಿ ಮುಕ್ತಾಯ ಮಾಡಿದ್ವಿ."

ಅಪ್ಪ ನೀರು ಕುಡಿದರು.

"ಆಮೇಲೊಂದಿನ ಆ ಊರಿನ ವಿಲೇಜ್ ಅಕೌಂಟೆಂಟು ಹೇಳ್ದ. ಆ ಯಮ್ಮ ಮೂರೂ ದಿನ ಬಂದಿದ್ಲು ಸಾರ್, ಮೆಟ್ಲ ಬುಡದಲ್ಲೇ ಕೂತಿದ್ಲು. ಸೊಂಟ ಬಿದ್ದೋಗಿತ್ತು, ಹತ್ತೋಕಾಗ್ತಿರಲಿಲ್ಲ. ಯಾರಾದ್ರೂ ಕೂಗ್ತಾರೆ ಅಂತ ಕಾಯ್ತಿದ್ಲು ಅಂತ. ಕೂಗಿದ್ವಲ್ಲ ನಾವು. ಮೇಲೆ ಕೂಗಿದ್ವಿ. ಆಕೆ ಕೆಳಗಿದ್ಲು."

ಅರ್ಜಿಯನ್ನು ಮತ್ತೆ ತೆರೆಸಿದರಂತೆ. ಆಳು ಕಳಿಸಿದರಂತೆ. ಅಷ್ಟರಲ್ಲಿ ಆಕೆ ಮಗಳ ಊರಿಗೆ ಹೋಗಿಬಿಟ್ಟಿದ್ದಳು. ಎಲ್ಲಿ ಅಂತ ಗೊತ್ತಾಗಲಿಲ್ಲ. "ನಾನು ಆಕೆಗೆ ಕೆಟ್ಟದ್ದು ಮಾಡ್ಬೇಕು ಅಂತ ಏನೂ ಮಾಡ್ಲಿಲ್ಲವ್ವ. ಒಂದು ಪೈಸೆ ಮುಟ್ಲಿಲ್ಲ. ನಕ್ಷೆ ಹಾಕ್ದೆ ಅಷ್ಟೇ."

ಹೊಳೆ ಆಚೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಬಹಳ ಹೊತ್ತು ನಾವು ಮೂವರೂ ಅದನ್ನೇ ನೋಡುತ್ತಾ ಕೂತಿದ್ದೆವು.

ನ್ಯಾಮತಿ: ಹೊಸ ತಾಲ್ಲೂಕು, ಹಳೇ ಪ್ರಶ್ನೆ

ಹೊನ್ನಾಳಿಯಿಂದ ನ್ಯಾಮತಿ ಹತ್ತಿರ, ಮಾತು ಮುಗಿಯುವುದರೊಳಗೆ ಊರು ಬಂತು. ಮಲೆನಾಡಿನ ಸರಕು ಬಯಲುಸೀಮೆಗೆ, ಬಯಲುಸೀಮೆಯದು ಮಲೆನಾಡಿಗೆ ಕೈ ಬದಲಾಯಿಸುತ್ತಿದ್ದ ಹಳೇ ವ್ಯಾಪಾರದ ಊರಿದು. ಇಲ್ಲಿಂದ ಸವಳಂಗದ ಕಡೆ ಹೋದರೆ ಗಾಳಿಯಲ್ಲೇ ಮಲೆನಾಡಿನ ತಂಪು ಸಿಗುತ್ತದೆ. ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಈ ತಾಲ್ಲೂಕಿನಲ್ಲೇ ಇದೆ. ಬೆಳಗುತ್ತಿ ಹತ್ತಿರದ ತೀರ್ಥರಾಮೇಶ್ವರದಲ್ಲಿ ಬೆಟ್ಟದ ಬುಡದ ತೀರ್ಥ ನೋಡಲೇಬೇಕು.

ಅಪ್ಪನ ಕಾಲದಲ್ಲಿ ನ್ಯಾಮತಿ ಹೊನ್ನಾಳಿಯ ಒಂದು ಹೋಬಳಿ. ಜನ ಅವರನ್ನು ಹಳೇ ರೂಢಿಯಲ್ಲಿ ಶೇಕದಾರ್ರು ಅಂತಲೇ ಕರೆಯುತ್ತಿದ್ದರಂತೆ. ತಾಲ್ಲೂಕುಗಳ ಮರುವಿಂಗಡಣೆಗೆ ಹುಂಡೇಕರ್ ಸಮಿತಿ, ಗದ್ದಿಗೌಡರ್ ಸಮಿತಿ, ಎಂ.ಬಿ. ಪ್ರಕಾಶ್ ಸಮಿತಿ ಅಂತ ಒಂದಾದ ಮೇಲೊಂದು ಸಮಿತಿ ವರದಿ ಕೊಟ್ಟವು. ಕೊನೆಗೆ 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದಾಯಿತು.

ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಊಟವಾದ ಮೇಲೆ ಪಡಸಾಲೆಯಲ್ಲಿ ಅಪ್ಪನದೇ ದರ್ಬಾರು. ಹೊಸ ತಾಲ್ಲೂಕು ಅಂದರೆ ಏನು ಅಂತ ಮಕ್ಕಳಿಗೆ ಹೇಳುತ್ತಿದ್ದರು. ಗೆಜೆಟ್ಟಿನಲ್ಲಿ ಒಂದು ಸಾಲು ಅಚ್ಚಾದರೆ ತಾಲ್ಲೂಕು ಹುಟ್ಟುತ್ತದೆ. ಆದರೆ ತಹಶೀಲ್ದಾರರು ಕೂರುವುದಕ್ಕೆ ಒಂದು ಕುರ್ಚಿ, ಕುರ್ಚಿಗೊಂದು ಕೋಣೆ, ಕೋಣೆಗೊಂದು ಸೂರು ಬೇಕಲ್ಲ? ಹಳೇ ತಾಲ್ಲೂಕಿನ ದಫ್ತರದಿಂದ ಈ ಹೋಬಳಿಗಳ ಕಡತ ಬೇರ್ಪಡಿಸಿ ತರಬೇಕು. ಅವನ್ನು ಇಡೋಕೆ ಒಣಗಿದ, ಗೆದ್ದಲಿಲ್ಲದ ಜಾಗ ಬೇಕು. ಸ್ವಂತ ಕಟ್ಟಡ ಆಗುವವರೆಗೆ ಸಾಮಾನ್ಯವಾಗಿ ಇನ್ಯಾವುದೋ ಇಲಾಖೆಯ ಖಾಲಿ ಕಟ್ಟಡ ಹುಡುಕುತ್ತಾರೆ. ಸಿಗದಿದ್ದರೆ ಬಾಡಿಗೆ. ಸರ್ಕಾರಿ ಕಟ್ಟಡ ಖಾಲಿ ಇಲ್ಲ ಅಂತ ಪತ್ರ ಬೇಕು, ಚದರಡಿಗೆ ಇಷ್ಟು ನ್ಯಾಯವಾದ ಬಾಡಿಗೆ ಅಂತ ಲೋಕೋಪಯೋಗಿ ಇಲಾಖೆಯಿಂದ ದೃಢೀಕರಣ ಬೇಕು. ಹೀಗೆ ಒಂದು ಇಲಾಖೆ ಬಸ್‌ಸ್ಟ್ಯಾಂಡ್ ಹತ್ತಿರ, ಇನ್ನೊಂದು ಆಸ್ಪತ್ರೆ ಹಿಂದೆ, ಮತ್ತೊಂದು ಯಾರದೋ ಮನೆ ಮಹಡಿ ಮೇಲೆ. ಮನೆ ಮಹಡಿಗೆ ಇಕ್ಕಟ್ಟು ಮೆಟ್ಟಿಲು ಬೇರೆ.

ಚಿಕ್ಕಮ್ಮನ ಮಗ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಅವರಲ್ಲೂ ಹೊಸ ಕಟ್ಟಡದ ಮಾತು ನಡೆದಿದೆಯಂತೆ. "ದೊಡ್ಡಪ್ಪ, ಯಾವುದನ್ನ ಎಲ್ಲಿಡ್ಬೇಕು ಅಂತ ನೀವೇ ಹೇಳಿಬಿಡ್ರಿ" ಅಂದ, ಅರ್ಧ ತಮಾಷೆಗೆ. ಅಪ್ಪನಿಗೆ ತಮಾಷೆಯಿರಲಿಲ್ಲ. ಕನ್ನಡಕ ಹಾಕಿಕೊಂಡರು. ಮೇಜಿನ ಮೇಲಿದ್ದ ಮದುವೆ ಪತ್ರಿಕೆಯ ಹಿಂಬದಿ ತಿರುಗಿಸಿ ಬರೆಯೋಕೆ ಕೂತರು. ಆ ಪಟ್ಟಿ ಈಗ ನನ್ನ ಮುಂದಿದೆ. ಅವರ ಮಾತಿನಲ್ಲೇ ಕೊಡುತ್ತೇನೆ.

"ಮೊದ್ಲು ಗೋಡೆ ಅಳೀಬೇಡಿ, ಜನರನ್ನ ಎಣಿಸಿ. ಒಂದು ವಾರ ಬಾಗಿಲಲ್ಲಿ ಜವಾನನ್ನ ಕೂರಿಸಿ ಗೆರೆ ಹಾಕಿಸಿ. ಯಾವ ಕೆಲಸಕ್ಕೆ ಎಷ್ಟು ಜನ ಬಂದ್ರು? ಅದರಲ್ಲಿ ಕೋಲು ಹಿಡಿದೋರು ಎಷ್ಟು, ಕೂಸು ಎತ್ಕೊಂಡೋರು ಎಷ್ಟು? ಗೆರೆ ಎಲ್ಲಿ ಜಾಸ್ತಿ ಇದೆಯೋ ಅದು ಬಾಗಿಲ ಪಕ್ಕಕ್ಕೆ.

"ಪಿಂಚಣಿ, ಪಡಿತರ, ನೋಂದಣಿ ಕೆಳಗೆ. ನೋಂದಣಿಗೆ ಜಮೀನು ಬರೆದು ಕೊಡೋ ಅಜ್ಜ ತಾನೇ ಬಂದು ಹೆಬ್ಬೆಟ್ಟು ಒತ್ಬೇಕು, ಫೋಟೋಕ್ಕೆ ಕೂರ್ಬೇಕು. ಅಂಥೋರನ್ನ ಮಂಚದ ಸಮೇತ ಮಹಡಿಗೆ ಹೊತ್ತಿದ್ದು ನಾನು ನೋಡಿದೀನಿ.

"ದಫ್ತರವೂ ಕೆಳಗೇ. ಕಾಗದದ ಭಾರ ಕಬ್ಬಿಣಕ್ಕಿಂತ ಕಡಿಮೆಯಲ್ಲ. ಆದ್ರೆ ಶೌಚಾಲಯದ ಗೋಡೆಗೆ ಅಂಟಿಸಬೇಡಿ. ಸೋರಿದ್ರೆ ನೂರು ವರ್ಷದ ದಾಖಲೆ ಹೋಯ್ತು.

"ಸಭಾಂಗಣ ಮೇಲಿರ್ಲಿ. ತಿಂಗಳಿಗೆ ಎರಡು ಸಭೆ, ಉಳಿದ ದಿನ ಬೀಗ. ಬೀಗ ಹಾಕೋ ಕೋಣೆಗೆ ನೆಲಮಹಡಿ ಯಾಕೆ? ಸಾಹೇಬ್ರೂ ಮೇಲೆ ಕೂರ್ಲಿ, ಮೊಣಕಾಲು ಗಟ್ಟಿ ಇರ್ತಾವೆ. ವಿಚಾರಣೆ ದಿನ ಮಾತ್ರ ಅವರೇ ಕೆಳಗೆ ಇಳಿದು ಬರ್ಲಿ.

"ಒಂದಿಷ್ಟು ಜಾಗ ಯಾರಿಗೂ ಕೊಡಬೇಡಿ. ಅದು ಕಾಯೋರ ಜಾಗ. ಬೆಂಚು, ನೆರಳು, ಕುಡಿಯೋ ನೀರು, ಹೆಣ್ಮಕ್ಕಳ ಶೌಚಾಲಯ. ಅದರ ಬೀಗದಕೈ ಜವಾನನ ಜೇಬಲ್ಲಿ ಇರಬಾರದು.

"ಐದು ವರ್ಷಕ್ಕೊಮ್ಮೆ ಮತ್ತೆ ಎಣಿಸಿ."

ಕೊನೆಯದು ಯಾಕೆ ಅಂತ ಕೇಳಿದೆ. ಪಹಣಿ ನೋಡು ಅಂದರು. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ತಾಲ್ಲೂಕು ಕಚೇರಿಯ ಬಾಗಿಲಲ್ಲೇ ಪಹಣಿ ಕೌಂಟರು, ಅದಕ್ಕೆ ಉದ್ದ ಸಾಲು. ಈಗ ಪಹಣಿ ಮೊಬೈಲಿನಲ್ಲೇ ಕಾಣುತ್ತದೆ, ಹೋಬಳಿಯಲ್ಲೂ ಸಿಗುತ್ತದೆ. ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಕೆಲಸವೂ ನಡೆದಿದೆ. ಸಾಲು ಕರಗಿದ ಮೇಲೂ ಕೌಂಟರು ಅಲ್ಲೇ ಇದ್ದರೆ, ಸಾಲು ಬೆಳೆದ ಶಾಖೆ ಮೂಲೆಯಲ್ಲೇ ಉಳಿದರೆ ಏನು ಪ್ರಯೋಜನ?

ಕಾನೂನು ಇಲ್ಲದೆ ಇಲ್ಲ. 2012ರಿಂದ ಜಾರಿಯಲ್ಲಿರುವ ಸಕಾಲ, ಯಾವ ಅರ್ಜಿ ಎಷ್ಟು ದಿನದಲ್ಲಿ ವಿಲೇವಾರಿ ಆಗಬೇಕು ಅಂತ ಹೇಳುತ್ತದೆ; ಆ ಅರ್ಜಿ ಕೊಡೋಕೆ ಎಷ್ಟು ಮೆಟ್ಟಿಲು ಹತ್ತಬೇಕು ಅಂತ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನೂ ಹೇಳುತ್ತದೆ. ನಿಯಮ ಬಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರೂ ಒಳಗೆ ಬರುವಂತಾಗಬೇಕು ಅನ್ನುತ್ತದೆ. ಆ ಐದು ವರ್ಷ ಮುಗಿದಿದೆ. ಇಳಿಜಾರು ದಾರಿ ಬಹಳ ಕಡೆ ಬಾಗಿಲವರೆಗೆ ಬಂದಿದೆ. ಬಾಗಿಲಿನಿಂದ ಮಹಡಿಗೆ ಹೋಗುವುದು ಹೇಗೆ ಅನ್ನುವುದೇ ಉಳಿದ ಪ್ರಶ್ನೆ. ಲಿಫ್ಟ್‌ಗೆ ದುಡ್ಡು ಬೇಕು, ಕರೆಂಟು ಬೇಕು. ಶಾಖೆಯನ್ನು ಮೇಲಿಂದ ಕೆಳಗೆ ತರೋಕೆ ನಾಲ್ಕು ಜನ, ಒಂದು ಭಾನುವಾರ, ಒಂದು ಆದೇಶ ಸಾಕು.

ಜಗಳೂರು: ಜಗಲಿ ಮೇಲಿನ ಮೇಜು

ಮರುದಿನ ದಾವಣಗೆರೆ ದಾಟಿ ಜಗಳೂರಿನ ದಾರಿ ಹಿಡಿದೆವು. ಒಂದೇ ಜಿಲ್ಲೆ ಅಂತ ನಂಬೋದು ಕಷ್ಟ. ಹಸಿರು ತೆಳ್ಳಗಾಗುತ್ತಾ ಹೋಗಿ ಕೆಂಪು ನೆಲ, ಕುರುಚಲು ಗುಡ್ಡ, ಮೆಕ್ಕೆಜೋಳ, ಶೇಂಗಾ. ಕೊಂಡುಕುರಿಗಳಿರುವ ರಂಗಯ್ಯನದುರ್ಗದ ಕಾಡು ಈ ತಾಲ್ಲೂಕಿನದೇ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಜನರ ಮಾತಿನಲ್ಲಿ ನೀರಿನ ಆಸೆ ಕಾಣುತ್ತದೆ. ಅಪ್ಪ ಇದ್ದಾಗ ಜಗಳೂರು ಅಂದರೆ ಬರ, ಗುಳೆ ಇಷ್ಟೇ. "ಇಲ್ಲಿ ಸಹಾಯಧನದ ಅರ್ಜಿ ಅಂದ್ರೆ ಹೊಟ್ಟೆ ಪ್ರಶ್ನೆ" ಅಂದರು.

ಕಚೇರಿ ಮುಂದೆ ಕಾರಿಳಿದು ಅಪ್ಪ ಕೋಲೂರಿ ನಿಂತರು. ಬೇವಿನ ಮರದಡಿ ಟೈಪ್‌ರೈಟರ್ ಪಕ್ಕಕ್ಕಿಟ್ಟು ಕೂತಿದ್ದ ಬಾಂಡ್ ರೈಟರ್ ಒಬ್ಬರು, ಎಪ್ಪತ್ತರ ಆಸುಪಾಸು, ಕಣ್ಣು ಕಿರಿದು ಮಾಡಿ ನೋಡಿದರು.

"ಜಗಲಿ ಸಾಹೇಬ್ರಲ್ಲೇನ್ರಿ ನೀವು?"

ನನಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಅರ್ಥವಾಯಿತು, ಮುಖ ತಗ್ಗಿಸಿದರು.

"ಬರ್ರಿ, ಕುಂದುರ್ರಿ. ನೋಡವ್ವ, ನಿಮ್ಮಪ್ಪಾರು ಇಲ್ಲಿದ್ದಾಗ ಸಂತಿ ದಿನ ಮೇಜು ಹೊರಾಕೆ ಹೊರಸಿ ಜಗಲಿ ಮ್ಯಾಲೆ ಹಾಕ್ಕಂಡು ಕುಂದರ್ತಿದ್ರು. ಮುದುಕ್ರೆಲ್ಲ ಅಲ್ಲೇ ಬಂದು ಅರ್ಜಿ ಕೊಡ್ತಿದ್ರು. ಯಾಕ್ರೀ ಸಾಹೇಬ್ರೆ ಬಿಸಿಲಾಗೆ ಅಂದ್ರೆ, ಮೇಜಿಗೆ ನಾಲ್ಕು ಕಾಲದಾವೆ, ಹೊತ್ತು ತರಬೌದು. ಮುದುಕಿ ಕಾಲು ತರಕಾಗಲ್ಲ ಅಂತಿದ್ರು."

ಅಪ್ಪ ಈ ಮಾತನ್ನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಹೊನ್ನಾಳಿಯ ಹೊಳೆ ದಂಡೆಯಲ್ಲೂ ಹೇಳಲಿಲ್ಲ. ತಪ್ಪನ್ನಷ್ಟೇ ಹೇಳಿದ್ದರು.

"ಆ ಮೇಜು ಇದೆಯಾ?" ಅಂತ ಕೇಳಿದರು.

"ಯಾವ ಕಾಲಕ್ಕೋ ಹರಾಜಾತು ಬಿಡ್ರಿ. ಈಗೆಲ್ಲ ಸ್ಟೀಲು" ಅಂದರು ಅವರು. ಇಬ್ಬರೂ ನಕ್ಕರು. ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ಬೇಡ ಅಂದರೂ ಕೇಳಲಿಲ್ಲ. ಅರ್ಧ ಗಂಟೆ ಯಾರು ಸತ್ತರು, ಯಾರು ಇದ್ದಾರೆ ಅನ್ನುವ ಲೆಕ್ಕ ನಡೆಯಿತು. ಹೊರಡುವಾಗ ಅಪ್ಪ ಒಮ್ಮೆ ತಿರುಗಿ ನೋಡಿದರು. ಬಾಗಿಲ ಹತ್ತಿರ ಒಬ್ಬ ಹುಡುಗ, ಇನ್ನೂ ಹೊಸ ನೌಕರನಿರಬೇಕು, ಒಬ್ಬ ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವಳ ಕಾಗದ ಓದುತ್ತಿದ್ದ. ಅಪ್ಪ ಏನೂ ಅನ್ನಲಿಲ್ಲ. ಕಾರಿನಲ್ಲಿ ಕೂತ ಮೇಲೆ ಚೀಲದಿಂದ ಆ ಮದುವೆ ಪತ್ರಿಕೆ ತೆಗೆದು ಇನ್ನೊಂದು ಸಾಲು ಸೇರಿಸಿದರು: "ಜಾಗ ಇಲ್ಲದಿದ್ದರೆ ನೀವು ಎದ್ದು ಹೋಗಿ."

ರಾತ್ರಿ ಒಂಬತ್ತಕ್ಕೆ ಮನೆ ತಲುಪಿದೆವು. ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಬುಡಕ್ಕೆ ಹೋಗಿ, ಕಂಬಿ ಹಿಡಿದು, ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ನಾನು ಬೀಗ ತೆಗೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ನಮ್ಮವರ ಕಂಪ್ಯೂಟರ್ ಇದೆ, ಒಂದು ಬೀರು ಇದೆ, ವರ್ಷಕ್ಕೆ ಎರಡು ಸಲ ಬರುವ ನೆಂಟರಿಗೆ ಅಂತ ಒಂದು ಮಂಚ ಇದೆ. ಅಮ್ಮ ಹೋದ ಮೇಲೆ ಅಪ್ಪನನ್ನು ಕರೆತಂದಾಗ ಮೇಲಿನ ಕೋಣೆ ಕೊಟ್ಟವಳು ನಾನೇ. ಗಾಳಿ ಬೆಳಕು ಚೆನ್ನಾಗಿರುತ್ತೆ ಅಂತ. ಎಷ್ಟೋ ಸಂಜೆ "ಅಪ್ಪಾ, ಕಾಫಿ" ಅಂತ ಕೆಳಗಿಂದ ಕೂಗಿ, ಬರಲಿಲ್ಲವಲ್ಲ, ಮಲಗಿರಬೇಕು ಅಂದುಕೊಂಡಿದ್ದೇನೆ.

ನಮ್ಮವರ ಮುಖ ನೋಡಿದೆ. ಅವರೂ ಅದನ್ನೇ ನೋಡುತ್ತಿದ್ದರು. ಮರುದಿನ ಭಾನುವಾರ. ಕಂಪ್ಯೂಟರ್, ಬೀರು ಮೇಲೆ ಹೋದವು. ಅಪ್ಪನ ಮಂಚ ಕೆಳಗೆ ಬಂತು. ಪಕ್ಕದ ಮನೆಯ ಹುಡುಗರಿಬ್ಬರು ಕೈ ಹಾಕಿದರು, ಎರಡು ಗಂಟೆಯ ಕೆಲಸ. ಅಪ್ಪ ಕುರ್ಚಿ ಹಾಕಿಕೊಂಡು ಕೂತು, ಯಾವುದನ್ನು ಎಲ್ಲಿಡಬೇಕು ಅಂತ ಹೇಳುತ್ತಲೇ ಇದ್ದರು.